“ಇದ್ರೊಳಗೆ ಏನ್ ಓಯ್ತದೆ?”

“ಗಾಡಿ ಮಾರ್ಬಿಡಿ ಸಾರ್” ಅಂದ ಸ್ಪೇರ್ ಪಾರ್ಟ್ಸ್ ಕೌಂಟರಿನ ಹುಡುಗನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ನಾನು ಕೇಳಿದ್ದು ಎಂಜಿನ್‌ಗೆ ಗಾಳಿ ಒತ್ತುವ ಟರ್ಬೊದಿಂದ, ಆ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ಒಂದು ರಬ್ಬರ್ ಹೋಸ್, ಅಷ್ಟೇ. ನಮ್ಮ ಡೀಸೆಲ್ ಜೀಪು 2004ರದ್ದು, ಆ ಹೋಸ್ ಇಷ್ಟು ವರ್ಷ ಬಾಳಿದ್ದೇ ಹೆಚ್ಚು, ಕೊನೆಗೆ ಸೀಳಿತು. ನಿಂತಲ್ಲೇ ಸ್ಟಾರ್ಟ್ ಮಾಡಿದರೆ ಏನೂ ಗೊತ್ತಾಗಲ್ಲ. ಚಾಮುಂಡಿ ಬೆಟ್ಟ ಹತ್ತುವಾಗ ಟರ್ಬೊ ಗಾಳಿ ಒತ್ತಿತೋ, ಸೀಳು ಬಾಯಿ ಬಿಡುತ್ತೆ. ಎಂಜಿನ್‌ಗೆ ಹೋಗಬೇಕಾದ ಗಾಳಿ ಬುಸ್ಸೆಂದು ಹೊರಗೆ, ಡೀಸೆಲ್ ಪೂರ್ತಿ ಉರಿಯದೆ ಹಿಂದೆ ಕರಿ ಹೊಗೆ. ಮೈಸೂರಿನ ಆ ಕೌಂಟರಲ್ಲಿ ಹುಡುಗ ಪಾರ್ಟ್ ನಂಬರ್ ಕುಟ್ಟಿದ, ಸ್ಕ್ರೀನಲ್ಲಿ ಏನೂ ಬರಲಿಲ್ಲ. ನನ್ನ ಕೈಯಲ್ಲಿದ್ದ ಹೋಸ್ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ವಿಕ್ರಾಂತ್ ಟೈರ್ ತಯಾರಾದ ಊರು ಸ್ವಾಮಿ ಇದು, ಇಲ್ಲಿ ರಬ್ಬರಿಗೆ ಬರವೇ? (ಟೈರಿಗೂ ಹೋಸಿಗೂ ಸಂಬಂಧವಿಲ್ಲ ಅಂತ ನನಗೂ ಗೊತ್ತು.)

ಮಂಡ್ಯದಲ್ಲಿ ಟ್ರ್ಯಾಕ್ಟರಿಗೆ, ಜೆಸಿಬಿಗೆ ಹೈಡ್ರಾಲಿಕ್ ಪೈಪ್ ಕಟ್ಟಿಕೊಡುವ ಅಂಗಡಿಯೊಂದಕ್ಕೆ ಭಾವ ಕರ್ಕೊಂಡು ಹೋದರು. ಯಜಮಾನರು ಅರವತ್ತು ದಾಟಿದವರು. ಗಾಡಿ ಯಾವುದು, ಮಾಡೆಲ್ ಯಾವುದು, ಒಂದೂ ಕೇಳಲಿಲ್ಲ. ಹೋಸ್ ಇಸ್ಕೊಂಡು,

“ಇದ್ರೊಳಗೆ ಏನ್ ಓಯ್ತದೆ?” ಅಂದರು.

“ಗಾಳಿ.”

“ಬರೀ ಗಾಳಿನಾ?”

ತೋರುಬೆರಳನ್ನು ಒಳಗೆ ಬಿಟ್ಟು, ಒಂದು ಸುತ್ತು ಒರೆಸಿ, ನನ್ನ ಮೂಗಿನ ಮುಂದೆ ಹಿಡಿದರು. ಬೆರಳು ಕರ್ರಗೆ, ಜಿಡ್ಡು ಜಿಡ್ಡು. “ಆಯಿಲ್ಲೂ ಓಯ್ತದೆ ನೋಡಿ.” ಹಳೇ ಎಂಜಿನ್‌ನ ಬ್ರೀದರ್‌ನಿಂದ, ಅಂದ್ರೆ ಅದು ಉಸಿರುಬಿಡೋ ಕೊಳವೆಯಿಂದ, ಬರೋ ಎಣ್ಣೆ ಆವಿ ಅದು.

ಮೊಳೆಗೆ ನೇತುಹಾಕಿದ್ದ ರೇಡಿಯೇಟರ್ ಹೋಸ್ ತೋರಿಸಿ “ಸೈಜು ಸರಿಯಾಗೇ ಇದೆಯಲ್ಲ” ಅಂದರು ಭಾವ, ಎಲ್ಲದಕ್ಕೂ ಒಂದು ಅಡ್ಡದಾರಿ ಇಟ್ಟುಕೊಂಡಿರುವ ಮನುಷ್ಯ. ಯಜಮಾನರು ಒಪ್ಪಲಿಲ್ಲ. ಅದು ಬಿಸಿನೀರಿಗೆ ಮಾಡಿದ ಇಪಿಡಿಎಂ ರಬ್ಬರ್, ಎಣ್ಣೆ ಸೋಕಿದರೆ ಊದಿಕೊಂಡು ಮೆತ್ತಗಾಗುತ್ತೆ. ಟರ್ಬೊ ಬಿಡುವ ಗಾಳಿ 100 ಡಿಗ್ರಿ ದಾಟುತ್ತೆ. ನೀಲಿ ಸಿಲಿಕೋನ್ ಹೋಸ್ ಆ ಬಿಸಿ ತಡೆಯುತ್ತೆ, ಆದರೆ ಒಳಗೆ ಎಣ್ಣೆ ತಡೆಯುವ ಫ್ಲೋರೋಸಿಲಿಕೋನ್ ಲೈನಿಂಗ್ ಇಲ್ಲದಿದ್ದರೆ ಎಣ್ಣೆ ಮೆಲ್ಲಗೆ ಜಿನುಗುತ್ತೆ. ಅವರ ಹತ್ತಿರ ಇದ್ದದ್ದು ಲೈನಿಂಗ್ ಇಲ್ಲದ್ದು. ಮಾರಬಹುದಿತ್ತು, ನಾನೂ ಕಣ್ಣುಮುಚ್ಚಿ ತಗೊಳ್ತಿದ್ದೆ. “ಬೆಂಗ್ಳೂರಿಂದ ತರುಸ್ತೀನಿ, ಆಮ್ಯಾಕ್ ಬನ್ನಿ” ಅಂದವರು ವರ್ನಿಯರ್ ಹಿಡಿದು ಜೀಪಿನ ಹತ್ತಿರವೇ ಬಂದು ಇಂಟರ್‌ಕೂಲರಿನ ಮೂತಿ ಅಳೆದುಕೊಂಡರು. ಹಳೇ ಹೋಸ್ ಹಿಗ್ಗಿದೆ, ಅದರ ಅಳತೆ ನಂಬೋಕಾಗಲ್ಲ ಅಂತ.

ಏನ್ ಓಯ್ತದೆ ಇದ್ರೊಳಗೆ? ವಾರವಿಡೀ ತಲೆಯಲ್ಲಿ ಅದೇ. ಈಗ ಯಾವ ಕೌಂಟರಿಗೆ ಹೋಗಿ, ಮೊದಲು ಕೇಳೋದು ನಂಬರು. ಬ್ಯಾಂಕಲ್ಲಿ, ಆಸ್ಪತ್ರೆಯಲ್ಲಿ, ತಾಲೂಕು ಆಫೀಸಲ್ಲಿ. ಅಮ್ಮನ ಮಂಡಿನೋವಿಗೆ ತೋರಿಸಿದಾಗ ಡಾಕ್ಟರು ಎಕ್ಸ್‌ರೇ ನೋಡಿದರು, ಫೈಲು ನೋಡಿದರು, ಮಂಡಿ ಮುಟ್ಟಲಿಲ್ಲ. ಅಮ್ಮ ಸೀರೆ ಮೇಲಕ್ಕೆತ್ತಿಕೊಂಡು ಕೂತೇ ಇದ್ದಳು. ಆ ಹುಡುಗನದೂ ತಪ್ಪಲ್ಲವೇನೋ. ಅವನ ಮುಂದೆ ಇಟ್ಟಿರುವುದೇ ಕೀಬೋರ್ಡು. ಬೆರಳಿಗೆ ಎಣ್ಣೆ ಮೆತ್ತಿಕೊಂಡರೆ ಮೇಲಿನವರಿಂದ ಬೈಸಿಕೊಳ್ಳುತ್ತಾನೆ. ಆದರೂ ಗಾಡಿ ಮಾರುವ ಸಲಹೆ ಕೇಳಿದವರು ಯಾರು?

ಹೋಸ್ ಬಂತು, ಟಿ-ಬೋಲ್ಟ್ ಕ್ಲಾಂಪ್ ಹಾಕಿ ಬಿಗಿದದ್ದೂ ಆಯ್ತು, ಬೆಟ್ಟದಲ್ಲಿ ಪಿಕಪ್ ವಾಪಸ್ ಬಂದಿದೆ. ಫಿಟ್ ಮಾಡುವಾಗ ಯಜಮಾನರು ಟರ್ಬೊ ಕೆಳಗೆ ಟಾರ್ಚ್ ಬಿಟ್ಟು ನೋಡಿ, ಆಯಿಲ್ ವಾಪಸ್ ಎಂಜಿನ್ ತಳದ ಚೇಂಬರಿಗೆ ಇಳಿಯುವ ಸಣ್ಣ ಪೈಪೂ ಕಲ್ಲಾಗಿದೆ ಅಂದರು. ಅದಕ್ಕೂ ಆರ್ಡರ್ ಕೊಟ್ಟು ಬಂದಿದ್ದೇನೆ. ಗ್ಯಾಸ್ ಪೈಪಿನ ತುಂಡು ಹಾಕಿದ್ದರೆ ಸಾಕಿತ್ತಂತೆ, ಭಾವ ದಾರಿಯುದ್ದಕ್ಕೂ ಗೊಣಗಿದರು.