ಎರಡು ವರ್ಷದ ಕಾಬ್ ಇನ್ನೂ ಮರಿಯೇ

ನಮ್ಮ ಕಾಬ್ (ಗಟ್ಟಿಮುಟ್ಟಾದ ಮೈಕಟ್ಟಿನ ಒಂದು ಬಗೆಯ ಕುದುರೆ) ಮರಿಗೆ ಈಗ ಎರಡು ತುಂಬಿದೆ. ಸದ್ಯ ಅದರ ಹಿಂಭಾಗ ಹೆಗಲಿಗಿಂತ ಎರಡು ಬೆರಳು ಎತ್ತರ. ಪಕ್ಕದಿಂದ ನೋಡಿದರೆ ಇಳಿಜಾರಿನಲ್ಲಿ ನಿಂತ ಹಾಗೆ. "ಇದೇನು ಹೀಗೆ?" ಅಂತ ನೋಡಿದವರೆಲ್ಲ ಕೇಳುತ್ತಾರೆ. ಗಾಬರಿ ಬೇಡ. ಎಳೆಯ ಕುದುರೆಗಳು ಹಿಂದೊಮ್ಮೆ, ಮುಂದೊಮ್ಮೆ ಹೀಗೇ ಏರುತ್ತವೆ.

ಎತ್ತರ ಅಳೆಯುವುದು ಹೆಗಲ ದಿಬ್ಬದ ತುದಿಯಿಂದ ನೆಲಕ್ಕೆ, ಸಮತಟ್ಟಾದ ಜಾಗದಲ್ಲಿ. ಅದನ್ನು ಹೇಳುವುದು ಹ್ಯಾಂಡ್ ಲೆಕ್ಕದಲ್ಲಿ, ಒಂದು ಹ್ಯಾಂಡ್ ಅಂದರೆ 4 ಅಂಗುಲ. ಒಂದು ವರ್ಷಕ್ಕೇ ಪೂರ್ಣ ಎತ್ತರದ ಸುಮಾರು ಶೇ. 90ರಷ್ಟು ಬಂದಿರುತ್ತದೆ, ಆಮೇಲೆ ನಿಧಾನ.

ಕಾಲಿನ ಎಲುಬು ಬಲಿಯುವುದು ಹೆಚ್ಚುಕಡಿಮೆ ಕೆಳಗಿನಿಂದ ಮೇಲಕ್ಕೆ. ಗೊರಸಿನ ಹತ್ತಿರದ ಎಲುಬುಗಳ ಬೆಳವಣಿಗೆ ಮೊದಲ ವರ್ಷದ ಆಸುಪಾಸಿನಲ್ಲೇ ನಿಲ್ಲುತ್ತದೆ, ಮುಂಗಾಲಿನ ಮಂಡಿಯ ಮೇಲಿನದು ಎರಡರಿಂದ ಎರಡೂವರೆ ವರ್ಷಕ್ಕೆ. ಬೆನ್ನೆಲುಬು ಪೂರ್ತಿ ಬಲಿಯಲು ಐದಾರು ವರ್ಷ ಬೇಕು. ದಪ್ಪ ಕಾಲು, ಅಗಲ ಎದೆ ನೋಡಿ ಕಾಬ್ ಬೇಗ ದೊಡ್ಡದಾಯಿತು ಅಂದುಕೊಂಡು ಎರಡು ವರ್ಷಕ್ಕೇ ಬೆನ್ನೇರುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಬೇಗ ಎತ್ತರವಾಗಲೆಂದು ಧಾನ್ಯ ಸುರಿಯುವುದೂ ಬೇಡ. ಎತ್ತರ ವಂಶದಿಂದ ಬರುವುದು. ಅತಿಯಾದ ಧಾನ್ಯದಿಂದ ಕೀಲುಗಳಿಗೇ ಅಪಾಯ. ಒಳ್ಳೆಯ ಹುಲ್ಲು, ಹದವಾಗಿ ಖನಿಜಾಂಶ, ದಿನವಿಡೀ ಓಡಾಡಲು ಬಯಲು ಕೊಡಿ. ನಾಲ್ಕರ ನಂತರ ಎತ್ತರ ಹೆಚ್ಚೇನೂ ಏರದು, ಆದರೆ ಎದೆ, ಕತ್ತು ತುಂಬಿಕೊಳ್ಳುವುದು ಆರೇಳು ವರ್ಷದವರೆಗೂ ನಡೆದೇ ಇರುತ್ತದೆ.