ಬೀಕರ್ ಒಂದು ಬೆರಳು ಸರಿದರೆ ಪ್ರಯೋಗವೇ ಬೇರೆ

ಕಿವಿಗೆ ಕೇಳದ ಅಲ್ಟ್ರಾಸಾನಿಕ್ ಶಬ್ದದಿಂದ ಬೇರಿಯಂ ಟೈಟನೇಟ್ ಪುಡಿಯನ್ನು ಅದುಮಿ, ಅದರಲ್ಲಿ ಹುಟ್ಟುವ ವಿದ್ಯುದಾವೇಶದಿಂದ (ಇದೇ ಪಿಯೆಜೊ ಗುಣ) ನೀರಿನಲ್ಲಿನ ಬಣ್ಣ ಒಡೆಯುವುದು ನಮ್ಮ ಪ್ರಯೋಗ. ಫಲಿತಾಂಶ ದಿನಕ್ಕೊಂದು ಥರ ಬಂದಾಗ ಇಷ್ಟು ದಿನ ಪುಡಿಯನ್ನು ಬೈದಿದ್ದೇ ಬಂತು. ತಂಟೆ ಇದ್ದದ್ದು ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ.

ಪಾಕ ಹಳೆಯದೇ: ಲೀಟರಿಗೆ 10 ಮಿಲಿಗ್ರಾಂ ರೋಡಮಿನ್ ಬಿ ಎಂಬ ಗುಲಾಬಿ ಬಣ್ಣ, ಅದರ 50 ಮಿಲಿಲೀಟರಿಗೆ 50 ಮಿಲಿಗ್ರಾಂ ಪುಡಿ, ಕತ್ತಲಲ್ಲಿ ಅರ್ಧ ಗಂಟೆ ಕಲಕಾಟ, ಆಮೇಲೆ ತೊಟ್ಟಿಯಲ್ಲಿ 40 ಕಿಲೋಹರ್ಟ್ಸ್ ಶಬ್ದ. ಒಂದು ದಿನ ಗುಲಾಬಿ ಬಣ್ಣ ಮಾಯ, ಮರುದಿನ ಜಪ್ಪಯ್ಯ ಅಂದರೂ ಇಳಿಯದು.

ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,480 ಮೀಟರ್. ಹಾಗಾಗಿ ಅಲೆಯುದ್ದ 37 ಮಿಲಿಮೀಟರ್. ಅಲೆ ತೊಟ್ಟಿಯೊಳಗೆ ಪುಟಿದು ನಿಂತಲ್ಲೇ ನಿಂತಾಗ, ಒತ್ತಡ ಜೋರಾಗಿರುವ ಜಾಗಕ್ಕೂ ಸೊನ್ನೆಯಾಗುವ ಜಾಗಕ್ಕೂ ನಡುವೆ ಬರೀ ಒಂಬತ್ತು ಚಿಲ್ಲರೆ ಮಿಲಿಮೀಟರ್. ತೆಳು ಅಲ್ಯೂಮಿನಿಯಂ ಹಾಳೆಯನ್ನು ತೊಟ್ಟಿಯಲ್ಲಿ ನೇರವಾಗಿ ಒಂದು ನಿಮಿಷ ಇಳಿಬಿಟ್ಟರೆ ಕಣ್ಣಿಗೇ ಕಾಣುತ್ತದೆ: ಒಂದೆಡೆ ಶಬ್ದ ಹುಟ್ಟಿಸಿದ ಗುಳ್ಳೆಗಳು ಒಡೆದು ಜರಡಿಯಂತೆ ತೂತು, ಪಕ್ಕದಲ್ಲೇ ನುಣುಪು. ತೂತು ಹೆಚ್ಚಿರುವಲ್ಲಿಗೆ ಬೀಕರ್ ಕ್ಲಾಂಪ್ ಮಾಡಿ, ನೀರಿನ ಮಟ್ಟಕ್ಕೆ ಮಾರ್ಕರ್ ಗೆರೆ ಎಳೆಯಿರಿ. ಮಟ್ಟ ಇಳಿದರೆ ತೂತಿನ ಪಟ್ಟಿಯೂ ಜಾಗ ಬದಲಿಸುತ್ತದೆ. ಹೊಸ ನೀರು ತುಂಬಿದಾಗ ಹತ್ತು ನಿಮಿಷ ಖಾಲಿ ಓಡಿಸಿ ಕರಗಿದ ಗಾಳಿ ಬಿಡಿಸಬೇಕು. ತೊಟ್ಟಿ ಕಾದಂತೆ ಗುಳ್ಳೆಯೊಳಗೆ ಆವಿ ತುಂಬಿ ಒಡೆತ ಮೆತ್ತಗಾಗುತ್ತದೆ. ಐಸ್ ಪ್ಯಾಕ್ ಮುಳುಗಿಸಿದರೆ ಮಟ್ಟ ಏರಿ ಮತ್ತೆ ಅದೇ ಗೋಳು. ಪಂಪಿನಿಂದ ತಣ್ಣೀರು ಸುತ್ತಿಸಿ 25 ಡಿಗ್ರಿ ಹಿಡಿದಾಗ ಮೂರು ಓಟಗಳ ಬಣ್ಣ-ಇಳಿಕೆಯ ಗೆರೆಗಳು ಒಂದರ ಮೇಲೊಂದು ಕೂತವು.

ಹಾಗಂತ ಪುಡಿ ಪೂರ್ತಿ ನಿರಪರಾಧಿಯಲ್ಲ. ‘ಟೆಟ್ರಾಗೋನಲ್’ (ಒಂದು ದಿಕ್ಕಿಗೆ ತುಸು ಉದ್ದವಾದ, ಪಿಯೆಜೊ ಗುಣದ ಹರಳು) ಎಂದು ಚೀಟಿ ಅಂಟಿಸಿದ ಪುಣ್ಯಾತ್ಮರ ಡಬ್ಬಿಯಲ್ಲಿ, ಎಕ್ಸ್‌ಆರ್‌ಡಿಯ (ಹರಳಿನ ರಚನೆ ತೋರಿಸುವ ಎಕ್ಸ್-ಕಿರಣ ಪರೀಕ್ಷೆ) 45 ಡಿಗ್ರಿ ಕೋನದ ಬಳಿ ಸೀಳಬೇಕಿದ್ದ ಶಿಖರ ಒಂಟಿಯಾಗಿ ನಿಂತಿತ್ತು. 24ರ ಬಳಿ ಬೇರಿಯಂ ಕಾರ್ಬೊನೇಟ್ ಉಚಿತ ಕೊಡುಗೆ. ಕಾರ್ಬೊನೇಟ್ ತೆಳು ಅಸಿಟಿಕ್ ಆಮ್ಲಕ್ಕೆ ಹೋಗುತ್ತದೆ. 1,000 ಡಿಗ್ರಿಯಲ್ಲಿ ಕಾಸಿದರೆ ಸೀಳೂ ಬರುತ್ತದೆ, ಆದರೆ ಕಣ ಊದಿ ಮೇಲ್ಮೈ ಕಡಿಮೆಯಾಗುತ್ತದೆ.

ಮುಂದಿನ ಹುಚ್ಚು: ಪುಡಿಯನ್ನು ಪಿವಿಡಿಎಫ್ ಎಂಬ ಪ್ಲಾಸ್ಟಿಕ್ ನಾರಿನ ಚಾಪೆಯಲ್ಲಿ ಕೂರಿಸುವುದು. ಆಗ ಪುಡಿ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಕಾಟ ಇಲ್ಲ, ಬೇರಿಯಂ ನೀರಿಗಿಳಿಯುವ ಭಯವೂ ಕಡಿಮೆ. ವಿದ್ಯುತ್ತಿನಿಂದ ನಾರು ನೂಲುವ ಎಲೆಕ್ಟ್ರೋಸ್ಪಿನ್ನಿಂಗ್ ಸೂಜಿ ಕಟ್ಟಿಕೊಳ್ಳುವ ಪುರಾಣ ಆಗ ಶುರು.

ಅದಿರಲಿ, ಹೋಲಿಕೆಗೆ ಪುಡಿಯಿಲ್ಲದ ಓಟ ಒಂದೇ ಸಾಲದು. ಯಾವ ಪುಡಿ ಹಾಕಿದರೂ ಗುಳ್ಳೆ ಹುಟ್ಟಲು ನೆಲೆ ಸಿಗುತ್ತದೆ, ಗುಳ್ಳೆಗಳೂ ಬಣ್ಣ ಒಡೆಯುತ್ತವೆ. ಅದೇ ಗಾತ್ರದ ಸಿಲಿಕಾ ಹಾಕಿ ಅಳೆದು, ಅದನ್ನು ಕಳೆದು ಉಳಿದದ್ದಷ್ಟೇ ಪಿಯೆಜೊ ಖಾತೆಗೆ. ಬೀಕರಿಗೆ ಬೆಳಕೂ ಬೀಳಬಾರದು. ಈ ಪುಡಿ ನೇರಳಾತೀತ ಬೆಳಕಿಗೂ ಕೆಲಸ ಮಾಡುತ್ತದೆ. ಬಣ್ಣವು ಬೆಳಕು ಹೀರುವ 554 ನ್ಯಾನೋಮೀಟರ್ ಶಿಖರ 498ರತ್ತ ಜಾರಿದರೆ ಹಿಗ್ಗಬೇಡಿ: ಈಥೈಲ್ ಗುಂಪುಗಳು ಉದುರಿವೆ, ಅಣುವಿನ ಬೆನ್ನೆಲುಬು ಹಾಗೇ ಇದೆ. ನಮ್ಮ ಮಾದರಿಯ ಶಿಖರ ಸದ್ಯ 530ರಲ್ಲಿ ಕೂತಿದೆ.