ಏಳನೇ ಮಿನುಗು ಕೊನೆಗೂ ಬಂತು

ಬಂತು ಮಾರಾಯ್ರೇ, ಏಳನೇ ಮಿನುಗು ಬಂತು! ಶಿಕಾಗೋದಲ್ಲೇ ಹುಟ್ಟಿ ಈಗ ಅದೇ ಊರಿನ ನಮ್ಮ ಬೇಸ್‌ಮೆಂಟ್‌ನಲ್ಲಿ ಬಿದ್ದುಕೊಂಡಿದ್ದ 1977ರ ಬ್ಯಾಲಿ ಕಂಪನಿಯ ಏಟ್ ಬಾಲ್ ಪಿನ್‌ಬಾಲ್ ಮೆಷಿನ್ ಕಣ್ಣು ಬಿಟ್ಟಿದೆ. ಪ್ಲೇಫೀಲ್ಡ್ ಒರೆಸಿದ್ದು, ರಬ್ಬರ್ ಬದಲಾಯಿಸಿದ್ದು, ಫ್ಲಿಪ್ಪರ್ ರಿಪೇರಿ, ಇವೆಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ಈ ಸಲ ಕಥೆ ಪೂರ್ತಿ ಒಂದೇ ಒಂದು ತಂತಿಯದ್ದು.

ಆ ಕಾಲದ ಬ್ಯಾಲಿ ಮೆಷಿನ್‌ಗಳ ಮಿದುಳಾದ ಎಂಪಿಯು ಬೋರ್ಡಿಗೆ ಕರೆಂಟು ಕೊಟ್ಟರೆ ಅದರ ಎಲ್‌ಇಡಿ ಒಮ್ಮೆ ಸಣ್ಣಗೆ ಮಿಣುಕಿ, ಆಮೇಲೆ ಏಳು ಸಲ ಮಿನುಗಬೇಕು. ನನ್ನದು ಆರಕ್ಕೇ ನಿಂತುಬಿಡುತ್ತಿತ್ತು. ಒಂದೊಂದು ಮಿನುಗೂ ಒಂದೊಂದು ಪರೀಕ್ಷೆ. ಆರು ಬಂತೆಂದರೆ ನೆನಪಿನ ಚಿಪ್ಪುಗಳಾದ ರೋಮ್, ರ್ಯಾಮ್, ಹೊರಗಿನ ಭಾಗಗಳ ಜೊತೆ ಮಾತಾಡುವ ಎರಡೂ ಪಿಐಎ ಚಿಪ್ಪು, ಡಿಸ್‌ಪ್ಲೇಯ 555 ಟೈಮರ್ ಎಲ್ಲ ಪಾಸು. ಏಳನೆಯದು ಝೀರೋ ಕ್ರಾಸಿಂಗ್, ಅಂದರೆ ವೋಲ್ಟೇಜ್ ಸೊನ್ನೆಗೆ ಇಳಿಯುವುದು ಬೋರ್ಡಿಗೆ ಕಾಣುತ್ತಿದೆಯಾ ಎಂಬ ಪರೀಕ್ಷೆ. ಫ್ಲಿಪ್ಪರ್ ಮುಂತಾದವನ್ನು ಎಳೆಯುವ ಸುರುಳಿಗಳ, ಅಂದರೆ ಸೊಲೆನಾಯ್ಡ್‌ಗಳ 43 ವೋಲ್ಟ್‌ಗೆ ಫಿಲ್ಟರ್ ಕೆಪಾಸಿಟರ್ ಹಾಕಿಲ್ಲವಲ್ಲ, ಹಾಗಾಗಿ ಇಲ್ಲಿನ 60 ಹರ್ಟ್ಜ್ ಲೆಕ್ಕದಲ್ಲಿ ಅದು ಸೆಕೆಂಡಿಗೆ 120 ಸಲ ಸೊನ್ನೆಗೆ ಇಳಿಯುತ್ತದೆ. ಬೋರ್ಡು ಆ ಸೊನ್ನೆಯನ್ನು ನೋಡಿಕೊಂಡೇ ಕೆಲಸ ಮಾಡುವುದು. ಅದು ಕಾಣದಿದ್ದರೆ ಆಟ ಶುರುವೇ ಆಗುವುದಿಲ್ಲ.

ಯಾರನ್ನು ಕೇಳಿದರೂ ಒಂದೇ ಮಾತು: ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಬೋರ್ಡಿನ 5 ಆಂಪ್ ಫ್ಯೂಸ್ ನೋಡಿ, ಅದರ ಡಯೋಡ್ ಬ್ರಿಜ್ ನೋಡಿ. ಎರಡೂ ಗಟ್ಟಿಮುಟ್ಟಾಗಿದ್ದವು. ಯು10, ಯು11 (ಅವೇ ಆ ಎರಡು ಪಿಐಎ) ಅದಲು ಬದಲು ಮಾಡಿದೆ. ಅದೇ ಆರು. ಆ 43 ವೋಲ್ಟ್ ಎಂಪಿಯುಗೆ ಬರುವ ಜೆ4 ಕನೆಕ್ಟರಿನ 15ನೇ ಪಿನ್ನಿಗೆ ಮೀಟರಿನ ಪ್ರೋಬ್ ಒತ್ತಿದೆ. 43 ವೋಲ್ಟ್ ಜಮ್ ಅಂತ ಕೂತಿದೆ! ಎಷ್ಟು ಸಲ ನೋಡಿದರೂ 43. ತಲೆ ಚಿಟ್ಟು ಹಿಡಿದುಹೋಯಿತು.

ಆಮೇಲೆ, ಪ್ರೋಬ್ ಹಿಡಿದು ಹಿಡಿದು ಕೈ ಸೋತು, ಬೋರ್ಡಿನ ಟಿಪಿ3 ಎಂಬ ಪರೀಕ್ಷಾ ಬಿಂದುವಿಗೆ ಕ್ಲಿಪ್ ಕಚ್ಚಿಸಿ ಮೀಟರನ್ನು ಅದರ ಪಾಡಿಗೆ ಬಿಟ್ಟೆ. ಅಲ್ಲಿ 21 ವೋಲ್ಟ್ ಆಸುಪಾಸು ಇರಬೇಕು. ಸೊನ್ನೆ. ಸುಮ್ನೆ ಇನ್ನೊಂದು ಮೀಟರಿನ ಪ್ರೋಬನ್ನು ಜೆ4ಕ್ಕೆ ಒತ್ತಿದೆ ನೋಡಿ, ಟಿಪಿ3 ಚಂಗನೆ 21ಕ್ಕೆ ಜಿಗಿಯಿತು. ಕೈ ತೆಗೆದೆ, ಮತ್ತೆ ಸೊನ್ನೆ. ನಾನು ಪರೀಕ್ಷೆ ಮಾಡುವಾಗ ಪ್ರೋಬ್ ಒತ್ತಿದ ಭಾರಕ್ಕೇ ಕನೆಕ್ಟರಿನೊಳಗಿನ ತಂತಿ ತುದಿಯ ಟರ್ಮಿನಲ್ ಹೋಗಿ ಬೋರ್ಡಿನ ಪಿನ್ನಿಗೆ ತಾಗುತ್ತಿತ್ತು! ಪವರ್ ಸ್ವಿಚ್ ಇರುವುದು ಕ್ಯಾಬಿನೆಟ್‌ನ ಮುಂದೆ, ಕೆಳಗಡೆ. ಎಂಪಿಯು ಇರುವುದು ಆ ತುದಿಯಲ್ಲಿ ಎದ್ದು ನಿಂತ ತಲೆಪೆಟ್ಟಿಗೆಯೊಳಗೆ. ಒಬ್ಬನೇ ಎರಡಕ್ಕೂ ಕೈ ಹಾಕಲು ಆಗುವುದಿಲ್ಲ, ಹಾಗಾಗಿ ಆನ್ ಮಾಡುವ ಹೊತ್ತಿಗೆ ಅಲ್ಲಿ ಪ್ರೋಬ್ ಇರುತ್ತಲೇ ಇರಲಿಲ್ಲ. ಮಗಳನ್ನು ಕರೆದು ಸ್ವಿಚ್ ಹಾಕಿಸಿದೆ, ನಾನು ಪ್ರೋಬ್ ಒತ್ತಿಕೊಂಡು ನಿಂತೆ. "ಐದು, ಆರು, ಅಪ್ಪಾ ಏಳು!"

ಕನೆಕ್ಟರ್ ಹೊರಗಿನಿಂದ ಚೊಕ್ಕವಾಗಿತ್ತು. ಟರ್ಮಿನಲ್ ಹೊರಗೆಳೆದರೆ ಹಳೇ ತಾಮ್ರದ ಚೊಂಬಿನ ಹಾಗೆ ಹಸಿರು ಕಿಲುಬು. ಪಕ್ಕದಲ್ಲೇ ಇದ್ದ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಸೋರಿದ್ದರ ಪ್ರಸಾದ. ತಂತಿಯ ಸಿಪ್ಪೆ ಸುಲಿದರೆ ಎಳೆಗಳು ಕಪ್ಪು. ಇನ್ನಷ್ಟು ಸುಲಿದೆ, ಅಲ್ಲೂ ಕಪ್ಪು. ಸೋರಿದ್ದು ಎಳೆಗಳ ನಡುವೆ ಮೇಲೇರಿಬಿಟ್ಟಿದೆ. ಕಪ್ಪು ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ, ಟರ್ಮಿನಲ್ ಒತ್ತಿ ಕಚ್ಚಿಸುವ ಕ್ರಿಂಪೂ ನೆಚ್ಚುವಂತಿಲ್ಲ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ಹೊಸ ತಂತಿ ಕೂಡಿಸಿದೆ. ಬೋರ್ಡಿಗೆ ವಿನೆಗರ್, ನೀರು, ಆಲ್ಕೋಹಾಲ್ ಸ್ನಾನ. ಬೋರ್ಡಿನ ಪಿನ್ನುಗಳನ್ನೂ ಬದಲಾಯಿಸಿ. ಒಂದು ಕಡೆ ಮಾತ್ರ ಹೊಸದು ಹಾಕಿದರೆ ಹಳೇ ಕಿಲುಬು ಹೊಸದನ್ನೂ ಹಾಳು ಮಾಡುತ್ತದೆ.

ಏಟ್ ಬಾಲ್ 20,000ಕ್ಕೂ ಜಾಸ್ತಿ ತಯಾರಾದ ಮೆಷಿನ್, ಬಿಡಿಭಾಗಕ್ಕೆ ಬರವಿಲ್ಲ. ಕಳಿಸುವವರ ಬುದ್ಧಿಗೆ ಬರ. ನಾನು ಕೇಳಿದ್ದು 0.100 ಇಂಚಿನ ಟರ್ಮಿನಲ್, ಬಂದದ್ದು 0.156. ಟರ್ಮಿನಲ್ಲಿಗೆ ಶೂ ಹಿಡಿಯುವಷ್ಟು ದೊಡ್ಡ ಡಬ್ಬ, ಬಾಗಿಹೋಗುವ ಬೋರ್ಡಿನ ಪಿನ್ನಿಗೆ ತೆಳ್ಳಗಿನ ಲಕೋಟೆ. ಸಾಮಾನಿಗಿಂತ ಸಾಗಣೆ ಖರ್ಚೇ ಜಾಸ್ತಿ.

ಪಾರ್ಸೆಲ್ ಕಾಯುತ್ತಾ ಕೂತಾಗ ಗರಾಜಿನಲ್ಲಿರುವ 1976ರ ಗಾಟ್ಲೀಬ್ ಕಂಪನಿಯ ರಾಯಲ್ ಫ್ಲಶ್ ಪಿನ್‌ಬಾಲ್ ಮೇಲೆ ಕಣ್ಣು ಬಿತ್ತು. ಚಿಪ್ಪಿಲ್ಲ, ಪ್ರೋಗ್ರಾಮಿಲ್ಲ. ರಿಲೇ, ಒಂದೊಂದೇ ಹೆಜ್ಜೆ ತಿರುಗಿ ಎಣಿಸುವ ಸ್ಟೆಪ್ಪರ್, ಸ್ಕೋರ್ ಮೋಟಾರ್, ಅಷ್ಟೇ. ಯಾವ ಸ್ವಿಚ್ ಮುಚ್ಚಿಲ್ಲ ಅಂತ ಕಣ್ಣಿಗೇ ಕಾಣುತ್ತದೆ. ಸ್ಟೆಪ್ಪರುಗಳ ಗ್ರೀಸ್ ಗಟ್ಟಿಯಾಗಿ ಅಂಟಿಕೊಂಡಿದೆ, ಎಲ್ಲ ಬಿಚ್ಚಿ ತೊಳೆಯಬೇಕು. ಡಬ್ಲ್ಯೂಡಿ-40 ಸ್ಪ್ರೇ ಹೊಡೆಯಿರಿ ಅನ್ನುವವರು ದಯವಿಟ್ಟು ಗರಾಜಿನ ಆಚೆಯೇ ನಿಲ್ಲಿ.

ಆದರೆ ಅದಕ್ಕೆ ಮೊದಲು ಏಟ್ ಬಾಲ್ ಮುಗಿಸಬೇಕು. ನೆನಪು ಕಾಯುತ್ತಿದ್ದ ಬ್ಯಾಟರಿ ಕಿತ್ತೆಸೆದಿದ್ದೇನೆ, 5101 ರ್ಯಾಮ್ ಚಿಪ್ಪಿನ ಜಾಗಕ್ಕೆ ಬ್ಯಾಟರಿ ಬೇಡದ ಎನ್‌ವಿರ್ಯಾಮ್ ಬರುತ್ತಿದೆ. ಮೂರನೇ ಆಟಗಾರನ ಡಿಸ್‌ಪ್ಲೇಯಲ್ಲಿ ಒಂದು ಅಂಕಿ ಹೊತ್ತುತ್ತಿಲ್ಲ. ಡಿಸ್‌ಪ್ಲೇಗಳಿಗೆ ಹೋಗುವ 190 ವೋಲ್ಟನ್ನು 170ಕ್ಕೆ ಇಳಿಸಿದರೆ ಉಳಿದ ಡಿಸ್‌ಪ್ಲೇ ಗಾಜುಗಳಿಗಾದರೂ ಆಯಸ್ಸು ಜಾಸ್ತಿಯಾದೀತು. ಆ 190 ವೋಲ್ಟ್ ಕೊಡುವ ಬೋರ್ಡಿಗೆ ಕೈ ಹಾಕುವವರು ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಖಾಲಿಯಾಗಿದೆಯಾ ಅಂತ ಮೀಟರ್ ಇಟ್ಟು ನೋಡಿ, ಸುಮ್ನೆ ನಂಬಬೇಡಿ.